ಸಂತೆಗೆ ಬಂದ ಪಾದರಸದ ಪೆಟ್ಟಿಗೆ

ಈಗ ಮದುವೆ ಊಟದ ಪಂಕ್ತಿಯಲ್ಲಿ ಉಪ್ಪಿನಕಾಯಿ ಬಡಿಸಲು ಬಂದರೆ ಯಾರಾದರೊಬ್ಬರು ಎಲೆಗೆ ಅಂಗೈ ಅಡ್ಡ ಹಿಡಿದು, "ಬೇಡಪ್ಪ, ನನಗೆ ಬೀಪಿ" ಎನ್ನುತ್ತಾರೆ. ನಾಚಿಕೆಯಿಲ್ಲ, ಹೆದರಿಕೆಯಿಲ್ಲ, ನೆಗಡಿಯಾಗಿದೆ ಎಂದು ಹೇಳಿದಷ್ಟೇ ಸಲೀಸು. ಅವರಿಗೇನು ಗೊತ್ತು, ಆ ಒಂದು ಮಾತನ್ನು ಬಾಯಿಬಿಟ್ಟು ಹೇಳುವುದಕ್ಕೆ ನಮ್ಮ ಅಪ್ಪನಂಥ ಗಂಡಸು ಎಷ್ಟು ತಿಣುಕಾಡಬೇಕಾಯಿತೆಂದು! ಆ ಮಾತನ್ನು ಅವನ ಬಾಯಿಂದ ಹೊರಡಿಸಿದ ಕಡ್ಡಿ ಡಾಕ್ಟರನ್ನು ನೆನೆದರೆ ನನಗೆ ಇವತ್ತಿಗೂ ಕೈ ಮುಗಿಯಬೇಕೆನಿಸುತ್ತದೆ.

ನಮ್ಮಪ್ಪ ಬಡವನಹಳ್ಳಿಯ ಗರಡಿಯ ವಸ್ತಾದಿ, ಹುಡುಗರಿಗೆ ಸಾಮು, ಕುಸ್ತಿ ಕಲಿಸುವ ಗುರು. ಹೊಲ, ತೋಟ, ಎತ್ತು ಕಟ್ಟಿ ತೊಗಲ ಚೀಲದಲ್ಲಿ ನೀರೆತ್ತುವ ಕಪಿಲೆ ಬಾವಿ ಎಲ್ಲ ಇದ್ದರೂ ಊರು ಅವನನ್ನು ಗುರುತಿಸುತ್ತಿದ್ದುದು ಗರಡಿಯಿಂದಲೇ. ಆಳೆಂದರೆ ಆಳು. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ಮುಖ ಸದಾ ಕೆಂಪು ಕೆಂಪು. "ವಸ್ತಾದಣ್ಣನ ಮೈಯಾಗೆ ರಕ್ತ ನೋಡ್ರಲಾ, ಚಿವುಟಿದ್ರೆ ಚಿಮ್ಮತದೆ" ಎಂದು ಜನ ಹೇಳುತ್ತಿದ್ದರು, ಅಪ್ಪ ಮೀಸೆಯೊಳಗೆ ನಗುತ್ತಿದ್ದ. ಅಮ್ಮ ಬೇಗ ತೀರಿಕೊಂಡಿದ್ದಳು. ನನ್ನನ್ನು ಅದೇ ಊರಿನ ಹಿಂದಿನ ಬೀದಿಗೆ ಕೊಟ್ಟಿದ್ದರಿಂದ ಗಂಡನ ಮನೆಯ ಕೆಲಸ ಮುಗಿಸಿ ಬಂದು ಅಪ್ಪನಿಗೂ ನಾನೇ ಬೇಯಿಸಿ ಹಾಕುತ್ತಿದ್ದೆ.

ಗರಡಿಯೊಳಕ್ಕೆ ಹೆಂಗಸರು ಕಾಲಿಡುವಂತಿಲ್ಲ. ಆದರೆ ಗುಂಡುಕಲ್ಲು ಇದ್ದದ್ದು ಗರಡಿಯ ಹೊರಗೆ, ಬಯಲಿನಲ್ಲಿ. ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಅದನ್ನು ಎದೆಗೆ ಏರಿಸಿ ಹೆಗಲ ಮೇಲಿಂದ ಹಿಂದಕ್ಕೆ ಕೆಡವುವ ಪಂದ್ಯ ನಡೆಯುತ್ತಿತ್ತು. ಸಿರಾದ ಗರಡಿಯವರು ತಮಟೆ ಬಡಿಸಿಕೊಂಡು ಬರುತ್ತಿದ್ದರು. ಅವರ ಉಸ್ತಾದರು ಮುಸಲ್ಮಾನರು, ಸಿರಾ ಪೇಟೆಯಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದವರು, ಅಪ್ಪನ ವಾರಿಗೆಯವರು. ಕಲ್ಲಿನ ಮುಂದೆ ಇಬ್ಬರೂ ಹಾವು ಮುಂಗುಸಿ, ಕಲ್ಲು ಬಿಟ್ಟು ಈಚೆ ಬಂದರೆ ಜೀವದ ಗೆಳೆಯರು. ಇಬ್ಬರಿಗೂ ಐವತ್ತು ದಾಟಿದ್ದರೂ ಶಿಷ್ಯರಿಗೆ ಬಿಟ್ಟುಕೊಡುವ ಮಾತೇ ಇರಲಿಲ್ಲ. ಇವರು ಎತ್ತಿದರೆ ಅವರು ಎತ್ತಲೇಬೇಕು.

ಆಗ ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡಾಡುತ್ತಿದ್ದವು. ಒಂದು ಸಂತೆಯ ದಿನ ಸಿಪಾಯಿಗಳನ್ನು ಸೇರಿಸಿಕೊಳ್ಳುವವರು ಬಂದು, ಅರಳಿಕಟ್ಟೆಯ ಮೇಲೆ ಕುಳಿತು, ಟೇಪು ಹಿಡಿದು ಹುಡುಗರ ಎದೆ ಅಳೆದಿದ್ದರು. ಎದೆ ಅಗಲ ಬಂದವನು ಗಂಡು, ಕಮ್ಮಿ ಬಂದವನು ಹೇತ್ಲಾಂಡಿ. ಊರೆಲ್ಲ ಅದೇ ಮಾತು. ಅದಾದ ಕೆಲವು ವಾರಕ್ಕೆ ಅದೇ ಕಟ್ಟೆಯ ಮೇಲೆ ನಮ್ಮ ಡಾಕ್ಟರು ಬಂದು ಕುಳಿತದ್ದು.

ಮಧುಗಿರಿಯ ಆಸ್ಪತ್ರೆಗೆ ಹೊಸದಾಗಿ ಬಂದಿದ್ದವರು. ಸಣ್ಣ ಆಳು, ದಪ್ಪ ಕನ್ನಡಕ, ಕೋಟಿನೊಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವಷ್ಟು ತೆಳುವು. ನೋಡಿದ ಗಳಿಗೆಯಲ್ಲೇ ಊರು ಕಡ್ಡಿ ಡಾಕ್ಟರು ಎಂದು ಹೆಸರಿಟ್ಟುಬಿಟ್ಟಿತು. ಅವರ ಮುಂದೆ ಒಂದು ಉದ್ದನೆಯ ಮರದ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಗಾಜಿನ ಕೊಳವೆ, ಅದರ ಪಕ್ಕ ಗೆರೆಗಳು, ತಳದಲ್ಲಿ ಪಾದರಸ. ತೋಳಿಗೆ ಬಟ್ಟೆಯ ಪಟ್ಟಿ ಸುತ್ತಿ, ರಬ್ಬರಿನ ಉಂಡೆ ಒತ್ತಿದರೆ ಪಾದರಸ ಮೇಲಕ್ಕೆ ಏರುತ್ತಿತ್ತು.

"ಬಿದ್ದ ಮೇಲೆ ನನ್ನ ಹತ್ತಿರ ಹೊತ್ತುಕೊಂಡು ಬರ್ತೀರಿ. ಬೀಳೋದಕ್ಕೆ ಮುಂಚೆ ನಡೆದುಕೊಂಡು ಬನ್ನಿ ಅಂತ ಕೇಳೋದಕ್ಕೆ ಬಂದಿದ್ದೀನಿ," ಎಂದು ಅವರು ಕೂಗಿ ಹೇಳಿದರು. ಮೂವತ್ತು ದಾಟಿದ ಎಲ್ಲರೂ ಬರಬೇಕು, ನೋವಿಲ್ಲ, ಸೂಜಿಯಿಲ್ಲ, ರಕ್ತ ತೆಗೆಯುವುದಿಲ್ಲ ಎಂದರು. ಪಾಪ, ಆ ಧ್ವನಿ ಮೆಣಸಿನಕಾಯಿ ಮಾರುವವನ ಕೂಗಿನ ಮುಂದೆ ಎಲ್ಲಿ ಕೇಳಬೇಕು? ಜನ ಕಂಡದ್ದು ಪಾದರಸ ಒಂದನ್ನೇ. ಎದೆಯ ಅಳತೆ ಮುಗೀತು, ಈಗ ರಕ್ತದ ಅಳತೆ, ಯಾರದ್ದು ಮೇಲಕ್ಕೆ ಹೋಗುತ್ತದೋ ಅವನೇ ಗಟ್ಟಿಗ, ಅಂತ ಅವರೇ ಲೆಕ್ಕ ಹಾಕಿಕೊಂಡುಬಿಟ್ಟರು.

ಅಯ್ಯಯ್ಯೋ, ಆವತ್ತಿನ ಗಲಾಟೆ! ಒಬ್ಬೊಬ್ಬನೂ ಅಂಗಿ ಕಿತ್ತು ತೋಳು ಉಬ್ಬಿಸಿಕೊಂಡು ಕೂರುವುದು, ಸುತ್ತ ನಿಂತವರು "ಏರ್ತು ಏರ್ತು! ಇನ್ನೂ ಏರ್ತು ಕಣ್ಲಾ!" ಎಂದು ಕೂಗುವುದು. ಕಮ್ಮಿ ಬಂದವನಿಗೆ "ಹೋಗ್ಲಾ, ಮನೇಗೋಗಿ ತುಪ್ಪ ತಿನ್ಲಾ" ಎಂದು ಶಿಳ್ಳೆ. ನಾನು ಸೊಪ್ಪು ಕೊಳ್ಳುತ್ತಿದ್ದವಳು ಅಲ್ಲೇ ನಿಂತೆ. ಅಷ್ಟರಲ್ಲಿ ಶಿಷ್ಯರು ಅಪ್ಪನನ್ನು ಕರೆತಂದರು.

ಅಪ್ಪನ ತೋಳಿಗೆ ಪಟ್ಟಿ ಸಾಲದೆ ಡಾಕ್ಟರು ಕಷ್ಟಪಟ್ಟು ಸುತ್ತಿದರು. ಉಂಡೆ ಒತ್ತಿದರು, ಕಿವಿಗೆ ನಳಿಕೆ ಇಟ್ಟು ಕೇಳಿದರು, ಮತ್ತೆ ಒತ್ತಿದರು. ಪಾದರಸ ಇನ್ನೂರರ ಗೆರೆಯನ್ನೂ ಹಿಂದೆ ಹಾಕಿತು. ಸಂತೆಗೆ ಸಂತೆಯೇ ಹೋ ಎಂದಿತು. ಡಾಕ್ಟರ ಮುಖ ಮಾತ್ರ ಬಿಳುಚಿಕೊಂಡದ್ದನ್ನು ನಾನು ಕಂಡೆ. "ಇದು ಶಕ್ತಿಯಲ್ಲ ಕಣ್ರಯ್ಯ, ಕಾಯಿಲೆ! ಇಳಿಸ್ರಿ ಅವರನ್ನ!" ಎಂದು ಅವರು ಕೂಗುತ್ತಲೇ ಇದ್ದರು. ಯಾರು ಕೇಳುತ್ತಾರೆ? ಶಿಷ್ಯರು ಆಗಲೇ ಅಪ್ಪನನ್ನು ಹೆಗಲ ಮೇಲೆ ಹೊತ್ತು, ಬಾಳೆಹಣ್ಣಿನ ಸಾಲಿನಿಂದ ಬಳೆಗಾರರ ಸಾಲಿನವರೆಗೆ ಮೆರವಣಿಗೆ ಹೊರಡಿಸಿದ್ದರು.

ಮನೆಗೆ ಬಂದ ಅಪ್ಪ ಜಗಲಿಯ ಮೇಲೆ ಮೀಸೆ ತಿರುವುತ್ತ ಕುಳಿತ. "ನೋಡ್ದೇನಮ್ಮ, ಪಾದರಸನೇ ನಿಮ್ಮಪ್ಪಂಗೆ ಎದ್ದು ನಿಂತು ಸಲಾಮು ಹೊಡೀತು."

"ತಲೆನೋವು ಅಂತ ಹಣೆಗೆ ಬಟ್ಟೆ ಕಟ್ಕೊಂಡಿದ್ಯಲ್ಲ, ಅದನ್ನೂ ಹೇಳ್ದಾ ಡಾಕ್ಟ್ರಿಗೆ?" ಎಂದೆ ನಾನು.

"ಏ ಬುಡಮ್ಮ, ಎರಡು ಸಾಮು ಜಾಸ್ತಿ ತೆಗೆದ್ರೆ ತಲೆನೋವು ಓಡೋಯ್ತದೆ."

ಇದ್ದಿಲ ಬಸ್ಸು ಹೊರಡುವ ಹೊತ್ತು ಮೀರಿ ಹೋಗಿತ್ತು. ನೋಡಿದರೆ ಡಾಕ್ಟರು ಪೆಟ್ಟಿಗೆಯನ್ನು ಎದೆಗವಚಿಕೊಂಡು ನಮ್ಮ ಮನೆಯ ಮುಂದೆ ನಿಂತಿದ್ದಾರೆ. ಬಸ್ಸು ಬಿಟ್ಟುಕೊಟ್ಟು, ವಸ್ತಾದಿಯ ಮನೆ ಯಾವುದೆಂದು ಕೇಳಿಕೊಂಡು ಬಂದಿದ್ದರು. ಸಂತೆಯಲ್ಲಿ ಅಷ್ಟು ಅವಮಾನ ಮಾಡಿದ ಜನರ ಮನೆಗೆ ಇನ್ನೊಬ್ಬರಾಗಿದ್ದರೆ ಬರುತ್ತಿದ್ದರೇ? ನಾನು ನೀರು ಮಜ್ಜಿಗೆ ಕೊಟ್ಟು ಬಾಗಿಲ ಹಿಂದೆ ನಿಂತೆ.

ಡಾಕ್ಟರು ಗದರಲಿಲ್ಲ. ಜಗಲಿಯ ಮೇಲೆ ಅಪ್ಪನ ಪಕ್ಕದಲ್ಲೇ ಕುಳಿತು, "ವಸ್ತಾದರೆ, ನಿಮ್ಮ ಕಪಿಲೆಯ ತೊಗಲು ಹಳೇದಾದಾಗ ಬಾಯಿ ಮಟ್ಟ ನೀರು ತುಂಬಿ ಎತ್ತು ಜಗ್ಗಿಸಿದರೆ ಏನಾಗುತ್ತೆ?" ಎಂದು ಕೇಳಿದರು.

"ಹೊಲಿಗೆ ಬುಡ್ತದೆ ಸ್ವಾಮಿ. ಅದೇನು ಕೇಳೋ ಮಾತಾ?"

"ನಿಮ್ಮ ತಲೆಯೊಳಗೆ ರಕ್ತ ಹರಿಯೋ ನಾಳಗಳೂ ಅಂಥವೇ. ನಿಮ್ಮ ರಕ್ತ ಅವನ್ನ ಬಹಳ ಜೋರಾಗಿ ಒತ್ತುತ್ತಾ ಇದೆ. ಅದನ್ನೇ ನನ್ನ ಪೆಟ್ಟಿಗೆ ತೋರಿಸಿದ್ದು. ಹೊಲಿಗೆ ಯಾವತ್ತು ಬಿಡುತ್ತೋ ಹೇಳೋಕ್ಕಾಗಲ್ಲ." ಆಮೇಲೆ, "ನಿಮ್ಮ ಮನೆತನದಲ್ಲಿ ಯಾರಿಗಾದರೂ ಲಕ್ವ ಹೊಡೆದಿತ್ತಾ?" ಎಂದರು.

"ಇಲ್ಲ," ಎಂದ ಅಪ್ಪ.

ನನಗೆ ಮೈ ಉರಿದುಹೋಯಿತು. ನನ್ನ ದೊಡ್ಡಪ್ಪ, ಅಪ್ಪನ ಸ್ವಂತ ಅಣ್ಣ, ಹೊಲದಲ್ಲಿ ನಿಂತಿದ್ದವನು ನಿಂತ ಹಾಗೆ ಕುಸಿದಿದ್ದ. ಬಲಗೈ ಬಲಗಾಲು ಹೋಗಿ, ಬಾಯಿ ಸೊಟ್ಟಗಾಗಿ, ನೀರು ಬೇಕೆಂದು ಹೇಳಲಾರದೆ ಮಕ್ಕಳ ಹಾಗೆ ಅಳುತ್ತಿದ್ದ. ಯಾರೋ ಮಾಟ ಮಾಡಿಸಿದರೆಂದು ಮನೆಯವರು ತಿರುಗದ ಊರಿಲ್ಲ. ಅವನು ಹೋದದ್ದು ಹಾಗೆಯೇ. ಬಾಗಿಲ ಹಿಂದಿನಿಂದ ನಾನು ಹೊರಗೇ ಬಂದುಬಿಟ್ಟೆ.

"ದೊಡ್ಡಪ್ಪಂಗೆ ಹೊಡೆದಿತ್ತು ಡಾಕ್ಟ್ರೆ. ಅವನೂ ತಲೆನೋವು ಅಂತ ಇಂಗೇ ಹಣೆಗೆ ಬಟ್ಟೆ ಕಟ್ಕೊಂಡು ತಿರುಗ್ತಿದ್ದ."

"ಅದು ಮಾಟ ಕಣೆ! ನಡಿ ಒಳೀಕೆ!" ಅಪ್ಪ ಗುಡುಗಿದ.

"ಮಾಟನೋ ಮಣ್ಣೋ! ನಿನಗೂ ಅಂಗೇ ಆದ್ರೆ ನಿನ್ನ ಬಾಯಿಗೆ ಗಂಜಿ ಹುಯ್ಯೋಳು ನಾನು, ನಿನ್ನ ಶಿಷ್ಯರಲ್ಲ!" ಎಂದು ನಾನು ಕಿರುಚಿದೆ. ಅಪ್ಪನಿಗೆ ಎದುರು ಮಾತಾಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅವನು ಹಣೆಯ ಬಟ್ಟೆ ಬಿಚ್ಚಿ, ಅದನ್ನೇ ನೋಡುತ್ತ ಕುಳಿತ. ಕೊನೆಗೆ, "ಏನು ಮಾಡ್ಬೇಕು ಹೇಳಿ ಸ್ವಾಮಿ," ಎಂದ.

ಆಗಿನ ಕಾಲದಲ್ಲಿ ಈಗಿನ ಹಾಗೆ ಮಾತ್ರೆಗಳು ಎಲ್ಲಿದ್ದವು? ಉಪ್ಪು ಬಿಡಬೇಕು, ಹೊಗೆಸೊಪ್ಪು ಬಿಡಬೇಕು, ಕೋಪ ಕಮ್ಮಿ ಮಾಡಬೇಕು, ಮಧ್ಯಾಹ್ನ ಮಲಗಬೇಕು, ವಾರ ವಾರ ಸಂತೆಯಲ್ಲಿ ತೋಳು ಕೊಡಬೇಕು, ಎಂದರು ಡಾಕ್ಟರು. ಅಪ್ಪ ಎಲ್ಲದಕ್ಕೂ ತಲೆಯಾಡಿಸಿದ. "ಗುಂಡುಕಲ್ಲು ಮುಟ್ಟಕೂಡದು," ಎಂದಾಗ ಮಾತ್ರ ನಕ್ಕುಬಿಟ್ಟ.

"ಅದು ಆಗದ ಮಾತು. ಸಿರಾದೋರು ಬತ್ತಾರೆ. ಕಲ್ಲು ಎತ್ತೋದು ಒಂದು ಉಸಿರಿನ ಕೆಲಸ, ಅಷ್ಟೇ."

"ಆ ಒಂದು ಉಸಿರಲ್ಲೇ ಹೋಗೋದು, ವಸ್ತಾದರೆ," ಎಂದರು ಡಾಕ್ಟರು.

ಉಪ್ಪು ಬಿಡಿಸಿದ ಆ ದಿನಗಳ ಕಥೆ ಏನು ಹೇಳಲಿ! ಮುದ್ದೆಗೆ ಉಪ್ಸಾರು ಇಲ್ಲದೆ ಉಂಡವನಲ್ಲ ಅಪ್ಪ. ಉಪ್ಪಿಲ್ಲದೆ ಬಸಿದ ಸಾರಿಗೆ ಹುಣಸೆಹಣ್ಣು, ಬೆಳ್ಳುಳ್ಳಿ, ಮೆಣಸು ಅರೆದು ಹಾಕಿ ನಾನು ಏನೇನೋ ಉಪಾಯ ಮಾಡಿದೆ. "ಇದು ಸಾರಾ, ಕಪಿಲೆ ನೀರಾ? ಮುದ್ದೆ ಗಂಟಲಾಗೆ ಕುಂತ್ಕಂಡು ಉಪ್ಪು ತಾ ಅಂತ ಹಟ ಹಿಡಿದೈತೆ ಕಣಮ್ಮ!" ಎಂದು ರೇಗುತ್ತಿದ್ದ. ಉಪ್ಪಿನಕಾಯಿ ಜಾಡಿ, ಬಾಳಕದ ಮೆಣಸಿನಕಾಯಿ ಎಲ್ಲವನ್ನೂ ನನ್ನ ಗಂಡನ ಮನೆಗೆ ಸಾಗಿಸಿದೆ. "ನಮ್ಮನೆ ಉಪ್ಪಿನಕಾಯಿ ಅಂಗಡಿ ಆಯ್ತಲ್ಲೇ" ಎಂದು ನನ್ನ ಯಜಮಾನರು ಆಡಿಕೊಳ್ಳುತ್ತಿದ್ದರು. ಅಪ್ಪ ಬೈದ, ಮುನಿದ, ತಟ್ಟೆ ಸರಿಸಿ ಎದ್ದ. ಆದರೆ ಮಾತು ಕೊಟ್ಟಿದ್ದನಲ್ಲ, ಮಾರನೆಯ ದಿನ ಅದೇ ತಟ್ಟೆಯ ಮುಂದೆ ಬಂದು ಕೂರುತ್ತಿದ್ದ. ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು.

ಡಾಕ್ಟರು ಒಂದು ಸಂತೆಯನ್ನೂ ತಪ್ಪಿಸಲಿಲ್ಲ. ಮೊದಲ ದಿನದ ಗಲಾಟೆಯಿಂದ ಅವರೂ ಕಲಿತಿದ್ದರು. ಪೆಟ್ಟಿಗೆಯ ಮುಖವನ್ನು ತಮ್ಮ ಕಡೆಗೆ ತಿರುಗಿಸಿ ಇಟ್ಟುಕೊಂಡು, "ಇಲ್ಲಿ ಇಳಿಸಿದವನೇ ಗೆದ್ದವನು" ಎಂದು ನಗುತ್ತ ಹೇಳುತ್ತಿದ್ದರು. ಕಟ್ಟೆಯ ಒಂದು ಮಗ್ಗುಲಿಗೆ ಸೀರೆಯ ಮರೆ ಕಟ್ಟಿಸಿ ಹೆಂಗಸರಿಗೆ ಜಾಗ ಮಾಡಿದರು. ಹೊಲೆಗೇರಿಯ ಮುದುಕಿಯ ತೋಳನ್ನೂ ಶ್ಯಾನುಭೋಗರ ತೋಳನ್ನೂ ಒಂದೇ ಪಟ್ಟಿಯಲ್ಲಿ ಸುತ್ತುತ್ತಿದ್ದರು. ಮುಖ ಸಿಂಡರಿಸಿದವರಿಗೆ, "ಪಟ್ಟಿ ಇರೋದು ಒಂದೇ, ಬೇಡದವರು ಹೋಗಬಹುದು" ಎನ್ನುತ್ತಿದ್ದರು. ಆ ಕಡ್ಡಿ ಮೈಯಲ್ಲಿ ಅಷ್ಟು ಕೆಚ್ಚು ಎಲ್ಲಿತ್ತೋ! ಅಪ್ಪನ ಪಾದರಸ ವಾರ ವಾರಕ್ಕೆ ಅಷ್ಟಿಷ್ಟು ಇಳಿಯಿತು, ಹಣೆಯ ಬಟ್ಟೆ ಗೂಟಕ್ಕೆ ಹೋಯಿತು. ಆದರೆ ಇಳಿದದ್ದು ಸಾಲದು, ಕಲ್ಲಿನ ಆಸೆ ಬಿಡಿ ಎಂದು ಡಾಕ್ಟರು ಪ್ರತಿ ಸಲವೂ ಹೇಳುವರು. ಅಪ್ಪ ಹೂಂ ಎನ್ನುತ್ತಿರಲಿಲ್ಲ, ಉಹೂಂ ಎನ್ನುತ್ತಿರಲಿಲ್ಲ.

ಯುಗಾದಿ ಬಂತು. ವರ್ಷತೊಡಕಿನ ಬೆಳಿಗ್ಗೆ ಅಪ್ಪ ಎಂದಿನಂತೆ ತಲೆಗೆ ನೀರು ಹಾಕಿಕೊಂಡು ಕೆಂಪು ಚಡ್ಡಿ ಬಿಗಿದ. ನಾನು ಕಾಲು ಹಿಡಿದುಕೊಂಡೆ. "ಅಪ್ಪಯ್ಯ, ಬ್ಯಾಡ." ಅವನು ನನ್ನ ತಲೆ ಸವರಿ, ಹೊರಟುಹೋದ. ಕುರಿ ಸಾರಿಗೆ ಮಸಾಲೆ ಅರೆಯುತ್ತಿದ್ದವಳು ಹಾಗೇ ಬಿಟ್ಟು ಹಿಂದೆ ಓಡಿದೆ.

ಗರಡಿ ಬಯಲು ಜನದಿಂದ ಗಿಜಿಗುಡುತ್ತಿತ್ತು. ಸಿರಾದ ತಮಟೆ ಮೊಳಗುತ್ತಿತ್ತು, ಉಸ್ತಾದರು ತೋಳಿಗೆ ಎಣ್ಣೆ ತೀಡಿಕೊಂಡು ತಯಾರಾಗಿ ನಿಂತಿದ್ದರು. ಹಬ್ಬವೆಂದು ಬಸ್ಸು ಇರಲಿಲ್ಲ. ಆದರೂ ಜನರ ನಡುವಿನಿಂದ ಸೈಕಲ್ಲು ತಳ್ಳಿಕೊಂಡು ಕಡ್ಡಿ ಡಾಕ್ಟರು ಬಂದರು. ಮಧುಗಿರಿಯಿಂದ ಆ ಬಿಸಿಲಲ್ಲಿ ತುಳಿದುಕೊಂಡು ಬಂದಿದ್ದರು. ಕೋಟು ಬೆವರಿಗೆ ಮೈಗಂಟಿತ್ತು, ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಹಿಂದೆ ಕಟ್ಟಿದ್ದರು. ಅಪ್ಪ ಅವರನ್ನು ನೋಡಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು ಅಷ್ಟೇ.

ಅಪ್ಪ ಕಲ್ಲಿನ ಹತ್ತಿರ ಹೋಗಿ, ಬಾಗಿ ಮುಟ್ಟಿ ಕಣ್ಣಿಗೊತ್ತಿಕೊಂಡ. ತಮಟೆ ನಿಂತಿತು. ನನಗೆ ನೋಡಲಾಗಲಿಲ್ಲ, ಸೆರಗು ಮುಖಕ್ಕೆ ಒತ್ತಿಕೊಂಡೆ. ಕೂಗು ಕೇಳುತ್ತದೆ ಎಂದು ಕಾದೆ. ಯಾವ ಕೂಗೂ ಕೇಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ, "ಆಂಜನೇಯ, ತಪ್ಪು ತಿಳ್ಕಬ್ಯಾಡಪ್ಪ" ಎನ್ನುತ್ತ ಅಪ್ಪ ಆ ಕಲ್ಲಿನ ಮೇಲೆ ಕುಳಿತುಬಿಟ್ಟಿದ್ದ.

"ನಾನು ಎತ್ತಾಕಿಲ್ಲ," ಎಂದ ಗಟ್ಟಿಯಾಗಿ. "ನನಗೆ ರಕ್ತದ ಒತ್ತಡದ ಕಾಯಿಲೆ ಐತೆ. ಆವತ್ತು ಸಂತೇಲಿ ಪಾದರಸ ಏರಿದ್ದು ಶಕ್ತಿಗಲ್ಲ. ನಮ್ಮಣ್ಣಂಗೆ ಲಕ್ವ ಹೊಡೆದಿದ್ದೂ ಮಾಟಕ್ಕಲ್ಲ, ಇದಕ್ಕೇಯ."

ಜನ ತಬ್ಬಿಬ್ಬಾದರು. ಹಿಂದಿನಿಂದ ಯಾರೋ, "ವಸ್ತಾದಿ ಹೆದರ್ಕಂಡ!" ಎಂದ. ನಮ್ಮ ಗರಡಿಯ ಹುಡುಗರೇ ತಲೆ ತಗ್ಗಿಸಿದರು. ಅಪ್ಪನ ಕಿವಿಗೆ ಅದು ಬಿತ್ತು, ದವಡೆ ಬಿಗಿದದ್ದು ನನಗೆ ಕಂಡಿತು. ಆದರೆ ಏಳಲಿಲ್ಲ. ಇಂಥ ಮಾತಿಗೆ ಒಂದು ಕಾಲದಲ್ಲಿ ಹಲ್ಲು ಉದುರಿಸುತ್ತಿದ್ದ ಮನುಷ್ಯ!

ಉಸ್ತಾದರು ನಗುತ್ತ ಮುಂದೆ ಬಂದರು. "ಅರೆ ಭಾಯಿ, ಕಾಯಿಲೆ ಇದ್ರೆ ಆರಾಮ್ ಮಾಡು. ಏಳು, ನಾನು ಎತ್ತತೀನಿ."

"ಈ ಕಲ್ಲು ಎತ್ತಬೇಕಾದ್ರೆ ಮೊದಲು ನನ್ನ ಎತ್ತಬೇಕು," ಎಂದ ಅಪ್ಪ. "ಡಾಕ್ಟ್ರಿಗೆ ಕೈ ಕೊಡು. ನಿಂದು ನೆಟ್ಟಗಿದ್ರೆ ನಾನೇ ಎದ್ದು ನಿನಗೆ ಹಾರ ಹಾಕ್ತೀನಿ."

"ನಾನು ಗೆದ್ದೆ ಅಂತ ಹೇಳು ಸಾಕು, ಕೈ ಯಾಕೆ?"

"ನೀನು ಗೆದ್ದೆ. ಹತ್ತು ಸಲ ಹೇಳ್ತೀನಿ, ನೀನೇ ಗೆದ್ದೆ. ಈಗ ಕೈ ಕೊಡು ಮಾರಾಯ."

ಉಸ್ತಾದರ ನಗು ನಿಂತಿತು. ಎಷ್ಟೋ ವರ್ಷ ಆ ಒಂದು ಮಾತಿಗಾಗಿ ಇಬ್ಬರೂ ಬೆನ್ನು ಮುರಿದುಕೊಂಡಿದ್ದರು. ಇವತ್ತು ಅಪ್ಪ ಅದನ್ನು ಬಿಟ್ಟಿ ಕೊಡುತ್ತಿದ್ದ. ಅವರು ಅಪ್ಪನ ಮುಖವನ್ನೇ ನೋಡುತ್ತ ತೋಳು ಚಾಚಿದರು.

ಡಾಕ್ಟರು ಪೆಟ್ಟಿಗೆ ಬಿಚ್ಚಿದರು. ಆ ಗಡಿಬಿಡಿಯಲ್ಲಿ ಅದರ ಮುಖ ಜನರ ಕಡೆಗೇ ಇತ್ತು. ಪಾದರಸ ಏರಿತು, ಅಪ್ಪನದು ನಿಂತಿದ್ದ ಜಾಗವನ್ನು ದಾಟಿ ಇನ್ನೂ ಮೇಲೇರಿತು. ಸಂತೆಯಲ್ಲಿ ಹೋ ಎಂದು ಕೂಗಿದ್ದ ಅದೇ ಜನ, ಅದೇ ಬಾಯಿಗಳು. ಇವತ್ತು ಒಬ್ಬರೂ ತುಟಿ ಬಿಚ್ಚಲಿಲ್ಲ. ಡಾಕ್ಟರು ನಿಧಾನವಾಗಿ ಗಾಳಿ ಬಿಟ್ಟು, ಪಟ್ಟಿ ಬಿಚ್ಚಿ, ಉಸ್ತಾದರ ಕೈಯನ್ನು ತಮ್ಮ ಎರಡು ಕೈಯಲ್ಲೂ ಹಿಡಿದುಕೊಂಡರು. ಅಪ್ಪ ಕಲ್ಲಿನಿಂದ ಎದ್ದು ಗೆಳೆಯನನ್ನು ಅಲ್ಲಿ ಕೂರಿಸಿದ. ಆಮೇಲೆ ನಮ್ಮ ಗರಡಿಯವರೂ ಸಿರಾದವರೂ ಒಬ್ಬರ ಹಿಂದೆ ಒಬ್ಬರು ತೋಳು ಮಡಿಸಿಕೊಂಡು ಬಂದು ಸಾಲು ನಿಂತರು.

ಊಟ ನಮ್ಮ ಮನೆಯಲ್ಲಿ. ಎಲ್ಲರೂ ಉಣ್ಣಲೆಂದು ವರ್ಷತೊಡಕಿನ ಕುರಿಯನ್ನು ನಮ್ಮೂರಲ್ಲಿ ಸಾಬರ ಕೈಯಿಂದಲೇ ಕೊಯ್ಯಿಸುತ್ತಿದ್ದರು. ನಾನು ಮಕ್ಕಳು ಮರಿಗೆಲ್ಲ ದೊಡ್ಡ ಹಂಡೆಯಿಂದ ಬಡಿಸಿದೆ. ಒಲೆಯ ಮೂಲೆಯಲ್ಲಿ ಅಪ್ಪನಿಗೆಂದು ಉಪ್ಪು ಹಾಕದ ಸಣ್ಣ ಮಡಕೆ ಬೇರೆ ಇತ್ತು. ಅಪ್ಪ ಕಣ್ಸನ್ನೆ ಮಾಡಿದ. ಅದರಿಂದಲೇ ಉಸ್ತಾದರ ಎಲೆಗೂ ಬಡಿಸಿದೆ. ಕೇಳದೆಯೇ ಡಾಕ್ಟರೂ ತಮ್ಮ ಎಲೆಯನ್ನು ಆ ಕಡೆಗೆ ಸರಿಸಿಕೊಂಡು, "ನನಗೂ ಅದೇ ಹಾಕಮ್ಮ," ಎಂದರು.

ಉಸ್ತಾದರು ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡರು. ಅಗಿಯುವುದನ್ನು ನಿಲ್ಲಿಸಿ ಅಪ್ಪನ ಕಡೆ ತಿರುಗಿದರು. ಕಣ್ಣಲ್ಲಿ ನೀರಾಡುತ್ತಿತ್ತು.

"ಭಾಯಿ, ಇದಕ್ಕಿಂತ ಆ ಕಲ್ಲೇ ಹಗುರ ಇತ್ತಲ್ಲೋ."

ಅಪ್ಪ ಪಂಕ್ತಿಯೆಲ್ಲ ಅದುರುವ ಹಾಗೆ ನಕ್ಕ. "ಉಣ್ಣಣ್ಣ, ಉಣ್ಣು. ಬರೋ ವರ್ಷಕ್ಕೂ ನೀನು ಬರಬೇಕು," ಎಂದು ಅವರ ಬೆನ್ನು ತಟ್ಟಿದ. ನಾನು ಸಾರು ತರುವ ನೆಪದಲ್ಲಿ ಒಳಗೆ ಹೋಗಿ, ಒಲೆಯ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ಹೊರಗೆ ಉಸ್ತಾದರು ಇನ್ನೊಂದು ಸೌಟು ಸಾರು ಕೇಳುತ್ತಿದ್ದರು.